ಪಾಲಿಶ್ ಪ್ಯಾಡ್ ತೊಳೆದ ಆ ಮಳೆಗಾಲ

ಕಳೆದ ತಿಂಗಳು ಹಿರೇಕೆರೂರಿನಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಶಿಗ್ಗಾಂವಿಯ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತಿದ್ದರಿಂದ ನಮ್ಮ ಬಸ್ಸು ಪಕ್ಕದ ಸರ್ವಿಸ್ ರಸ್ತೆಗೆ ಇಳಿದು ನಿಂತುಬಿಟ್ಟಿತು. ಜಿಟಿಜಿಟಿ ಮಳೆ. ಸೆಕೆಯೆಂದು ಕಿಟಕಿಯ ಗಾಜು ಸರಿಸಿದೆ, ಆ ವಾಸನೆ ಬಂತು. ಕಾರಿನ ಪಾಲಿಶ್, ಸಾಬೂನು, ಒಣಗದೆ ಮುಗ್ಗಿದ ಸ್ಪಂಜು, ಮೂರೂ ಬೆರೆತ ವಾಸನೆ. ಹೊರಗೆ ನೋಡಿದರೆ ಕಾರು ತೊಳೆಯುವ ಅಂಗಡಿ. ತಗಡಿನ ಚಪ್ಪರದ ಕೆಳಗೆ ಹೆಣ್ಣುಮಗಳೊಬ್ಬಳು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹಳದಿ ಪ್ಯಾಡನ್ನು ಹಿಂಡುತ್ತಿದ್ದಳು. ಹಿಂಡಬಾರದು, ಒತ್ತಬೇಕು ಎಂದು ಕೂಗಿ ಹೇಳಬೇಕೆನಿಸಿತು. ಬಾಯಿ ಬರಲಿಲ್ಲ. ಬಸ್ಸು ಹೊರಡುವವರೆಗೂ ಅವಳ ಕೈಗಳನ್ನೇ ನೋಡುತ್ತಿದ್ದೆ.

ಕೊರೊನಾ ಮುಗಿದ ಮರುವರ್ಷದ ಮಳೆಗಾಲ ಅದು. ನನಗೆ ಇಪ್ಪತ್ತಾರು ವರ್ಷ. ನಾನು, ಅವ್ವ ಇಬ್ಬರೇ ಶಿಗ್ಗಾಂವಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಅವ್ವ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕೇರಿಯ ಹೆಣ್ಣುಮಗಳು ಬಡಿದ ರೊಟ್ಟಿಯನ್ನು ಎಲ್ಲ ಜಾತಿಯ ಮನೆಗಳ ಮಕ್ಕಳೂ ಸಾಲಾಗಿ ಕುಳಿತು ಉಣ್ಣುವುದು ಅವ್ವನ ಮಟ್ಟಿಗೆ ಸಣ್ಣ ಮಾತಾಗಿರಲಿಲ್ಲ. ಮೊದಲ ವರ್ಷ ಒಬ್ಬಿಬ್ಬರು ಪಾಲಕರು ತಕರಾರು ತೆಗೆದಿದ್ದರಂತೆ. ಆಮೇಲೆ ಹುಡುಗಿಯರೇ "ರೊಟ್ಟಿ ಅಂದ್ರ ಕಮಲವ್ವನ ರೊಟ್ಟಿ" ಎನ್ನತೊಡಗಿದರು. ಆ ಮಾತನ್ನು ಅವ್ವ ನನಗೆ ನೂರು ಸಲ ಹೇಳಿದ್ದಳು.

ನಾನು ಹೆದ್ದಾರಿ ಪಕ್ಕದ ಕಾರು ಪಾಲಿಶ್ ಅಂಗಡಿಯಲ್ಲಿದ್ದೆ. ಮೂರು ವರ್ಷದಿಂದ ನನ್ನದು ಒಂದೇ ಕೆಲಸ, ಪ್ಯಾಡುಗಳ ಆರೈಕೆ. ಪಾಲಿಶ್ ಯಂತ್ರದ ಮೂತಿಗೆ ಅಂಟಿಸುವ, ರೊಟ್ಟಿಗಿಂತ ಸ್ವಲ್ಪ ಚಿಕ್ಕದಾದ ದುಂಡನೆಯ ಸ್ಪಂಜಿಗೆ ಪ್ಯಾಡ್ ಅನ್ನುತ್ತಾರೆ. ಗೀರು ತೆಗೆಯಲು ಗಡುಸಾದ ಹಳದಿ, ಕೊನೆಯ ಹೊಳಪಿಗೆ ಮೆತ್ತನೆಯ ಕರಿ. ನೋಡುವವರಿಗೆ ಅದು ಸ್ಪಂಜಿನ ತುಂಡು. ಕೆಲಸ ಬಲ್ಲವರಿಗೆ ಕಾರಿನ ಮಾನ ಅದರಲ್ಲೇ ಇರುತ್ತದೆ. ಪ್ಯಾಡಿನೊಳಗೆ ಹಳೆಯ ಪಾಲಿಶ್ ಒಣಗಿ ಕಾಳುಗಟ್ಟಿದ್ದರೆ, ಮರಳಿನ ಒಂದು ಕಣ ಸಿಕ್ಕಿಕೊಂಡಿದ್ದರೆ, ಯಂತ್ರ ತಿರುಗಿದ ಕಡೆಯಲ್ಲೆಲ್ಲ ಬಣ್ಣದ ಮೇಲೆ ಉಂಗುರ ಉಂಗುರವಾಗಿ ಗೀರು ಏಳುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ಸವಣೂರಿನ ದಸ್ತಗೀರಸಾಬರು. ಅಂಗಡಿಯ ಹಿರಿಯ ಪಾಲಿಶ್‌ಗಾರರು. ಮೊದಲು ಸವಣೂರಿನಲ್ಲಿ ತೇಗದ ಬಾಗಿಲು, ಕಪಾಟುಗಳಿಗೆ ಪಾಲಿಶ್ ಹಚ್ಚುತ್ತಿದ್ದರು. ಐವತ್ತು ದಾಟಿದ ಮೇಲೆ ಕಾರಿನ ಕೆಲಸಕ್ಕೆ ಬಂದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

"ನೀರು ಉಗುರುಬೆಚ್ಚಗ ಇರ್ಲಿ ಯವ್ವಾ. ಸುಡೂ ನೀರು ಹಾಕಿದ್ರ ಹಿಂದಿನ ಅಂಟು ಬಿಡತೈತಿ," ಎನ್ನುತ್ತಿದ್ದರು. "ಹಿಂಡಬ್ಯಾಡ. ಅಂಗೈಯಿಂದ ಒತ್ತು. ಬಿಳೀ ನೊರಿ ಬರೂತನಕ ಒತ್ತು. ಒಣಗಾಕ ಇಡೂಮುಂದ ಸ್ಪಂಜಿನ ಬಾಯಿ ಕೆಳಗ, ಅಂಟಿನ ಬದಿ ಮ್ಯಾಲ. ಬಿಸಲಾಗ ಮಾತ್ರ ಇಡಬ್ಯಾಡ."

ಕೊನೆಗೆ ಪ್ಯಾಡನ್ನು ಬೆರಳಿನಿಂದ ಪರೀಕ್ಷಿಸಬೇಕು. ಅದಕ್ಕೆ ಕಿರುಬೆರಳೇ ಆಗಬೇಕು ಎನ್ನುವುದು ಅವರ ಹಟ. ಉಳಿದ ಬೆರಳುಗಳು ದುಡಿದು ದುಡಿದು ದಪ್ಪವಾಗಿರುತ್ತವೆ, ಕಿರುಬೆರಳಿನ ಚರ್ಮವೊಂದೇ ಕೂಸಿನ ಚರ್ಮದಂತೆ ಉಳಿದಿರುತ್ತದೆ ಎನ್ನುತ್ತಿದ್ದರು. ನಾನು ಬಲಗೈಯ ಕಿರುಬೆರಳನ್ನು ಇಂಚಿಂಚಿಗೂ ಒತ್ತುತ್ತ ಇಡೀ ಪ್ಯಾಡು ಸುತ್ತುತ್ತಿದ್ದೆ. ನನ್ನ ಕೈ ದಾಟಿದ ಪ್ಯಾಡಿನ ಮೇಲೆ ಅವರು ರೂಢಿಗೆಂದು ಒಮ್ಮೆ ಅಂಗೈ ಆಡಿಸಿ ಯಂತ್ರಕ್ಕೆ ಹಚ್ಚುತ್ತಿದ್ದರು, ಅಷ್ಟೇ. ಮೂರು ವರ್ಷದಲ್ಲಿ ಒಂದು ಕಾರೂ ಕೆಟ್ಟಿರಲಿಲ್ಲ.

ಆ ವರ್ಷ ಮಳೆ ಹಿಡಿದುಕೊಂಡು ಸುರಿಯಿತು. ಪ್ಯಾಡುಗಳು ಒಣಗುತ್ತಲೇ ಇರಲಿಲ್ಲ. ಫ್ಯಾನಿನ ಕೆಳಗೆ ಜಾಳಿಗೆ ಕಟ್ಟಿ ಹರವಿದರೂ ಮರುದಿನ ಮುಟ್ಟಿದರೆ ತಂಪು. ಆಗಲೇ ನನಗೆ ಮೊದಲು ಗೊತ್ತಾದದ್ದು. ಒಂದು ಬೆಳಿಗ್ಗೆ ಪ್ಯಾಡು ಒಣಗಿದೆ ಎಂದುಕೊಂಡು ಡಬ್ಬಿಗೆ ಹಾಕುತ್ತಿದ್ದೆ, ಅಂಗಿಯ ಮೇಲೆ ನೀರು ತೊಟ್ಟಿಕ್ಕಿತು. ಹಸಿ ಪ್ಯಾಡು. ಕಿರುಬೆರಳಿಗೆ ಅದು ತಿಳಿದಿರಲಿಲ್ಲ. ಉಂಗುರದ ಬೆರಳಿನಿಂದ ಮುಟ್ಟಿದೆ, ಅದಕ್ಕೂ ಅರ್ಧಂಬರ್ಧ. ಚಳಿಗೆ ಜೋಮು ಹಿಡಿದಿರಬೇಕೆಂದು ಕೈ ಝಾಡಿಸಿದೆ. ಸಂಜೆಗೂ ಹಾಗೆಯೇ ಇತ್ತು. ವಾರ ಕಳೆದರೂ ಹಾಗೆಯೇ ಇತ್ತು.

ಮುಂಗೈ ಮೇಲೆ ರೂಪಾಯಿ ನಾಣ್ಯದಷ್ಟು ಮಾಸಲು ಮಚ್ಚೆಯೊಂದು ಬೇಸಿಗೆಯಿಂದಲೂ ಇತ್ತು. ಒಂದು ದಿನ ಬಾಗಿಲು ಹಾಕಿಕೊಂಡು ಅದಕ್ಕೆ ಸೂಜಿ ಚುಚ್ಚಿ ನೋಡಿದೆ. ರಕ್ತದ ಹನಿ ಬಂತು, ನೋವು ಬರಲಿಲ್ಲ.

ಅದೇನೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ಅಬಲೂರು ನನ್ನ ಅಜ್ಜಿಯ ಊರು. ಚಿಕ್ಕಂದಿನಲ್ಲಿ ಅಲ್ಲಿ ಊರಾಚೆ ಒಬ್ಬ ಮುದುಕ ಕೂರುತ್ತಿದ್ದ. ಕೈಬೆರಳು ಮುರುಟಿದ್ದವು. ಕುಷ್ಠ ಎನ್ನದೆ ದೊಡ್ಡರೋಗ ಎನ್ನುತ್ತಿದ್ದರು. ಅವನು ಬೊಗಸೆ ಹಿಡಿದರೆ ಅಜ್ಜಿ ಮಾರು ದೂರ ನಿಂತು ತಂಬಿಗೆಯನ್ನು ಎತ್ತಿ ಮೇಲಿನಿಂದ ನೀರು ಸುರಿಯುತ್ತಿದ್ದಳು. ತಾವೇ ಮಂದಿಯ ಮನೆ ಮುಂದೆ ಹಾಗೆ ಬೊಗಸೆ ಹಿಡಿದು ನೀರು ಕುಡಿದವರು ನಮ್ಮ ಕೇರಿಯವರು. ಅವರೂ ಅವನಿಗೆ ಮೇಲಿನಿಂದಲೇ ಸುರಿದರು.

ಈಗಿನ ಕಾಲದಲ್ಲಿ ಅದಕ್ಕೆ ಔಷಧವಿದೆ ಎಂದು ಶಾಲೆಯ ಗೋಡೆಯ ಮೇಲೆ ಓದಿದ್ದೆ. ನಾನು ಪಿಯುಸಿ ಮುಗಿಸಿದವಳು. ಆದರೆ ಓದಿದ್ದು ತಲೆಯಲ್ಲಿತ್ತು, ಮುದುಕನ ಬೊಗಸೆ ಎದೆಯಲ್ಲಿತ್ತು. ದವಾಖಾನೆಗೆ ಹೋದರೆ ಹೆಸರು ಬರೆಸಬೇಕು, ಮನೆಗೆ ಬಂದು ನೋಡುತ್ತಾರೆ, ಓಣಿಗೆ ಗೊತ್ತಾಗುತ್ತದೆ, ಹಾಸ್ಟೆಲ್ಲಿಗೆ ಗೊತ್ತಾಗುತ್ತದೆ. ಮಗಳಿಗೆ ಆ ರೋಗ ಎಂದ ಮೇಲೆ ಅವ್ವನ ಕೈಯ ರೊಟ್ಟಿ ಯಾರು ಉಣ್ಣುತ್ತಾರೆ? ಹೇಳಬಾರದು ಎಂದು ನಿಶ್ಚಯಿಸಿದೆ.

ಬೆರಳಿಲ್ಲದೆ ಪ್ಯಾಡು ನೋಡುವುದು ಹೇಗೆ? ನಾನು ಕೆನ್ನೆಯಿಂದ ನೋಡತೊಡಗಿದೆ. ಯಾರೂ ಇಲ್ಲದಾಗ ಹಿಂಭಾಗದ ನೀರಿನ ಟಾಕಿಯ ಮರೆಗೆ ಹೋಗಿ, ಒಂದೊಂದೇ ಪ್ಯಾಡನ್ನು ಕೆನ್ನೆಗೆ ಒತ್ತಿ ತಿರುಗಿಸುತ್ತಿದ್ದೆ. ಕಾಳು ಇದ್ದರೆ ಕೆನ್ನೆಗೆ ಚುಚ್ಚುತ್ತಿತ್ತು. ಆಗಿನ ಸಮಾಧಾನ ಏನು ಹೇಳಲಿ! ಚುಚ್ಚಿದರೆ ಸಂತೋಷಪಡುತ್ತಿದ್ದೆ. ಮುಖವೆಲ್ಲ ಪಾಲಿಶಿನ ಉರಿ ಹತ್ತಿ ಕೆಂಪಗಾಗುತ್ತಿತ್ತು. ಎಡಗೈಯಿಂದ ನೋಡಬಹುದಿತ್ತಲ್ಲ ಎಂದು ಈಗ ನೀವು ಕೇಳಬಹುದು. ಎಡಗೈಯ ಮೇಲೂ ಆಗ ನನಗೆ ನಂಬಿಕೆ ಉಳಿದಿರಲಿಲ್ಲ. ಅದೂ ಹೋಗುತ್ತಿದೆಯೇನೋ ಎಂದು ಗಳಿಗೆಗೊಮ್ಮೆ ಉಗುರಿನಿಂದ ಚಿವುಟಿಕೊಳ್ಳುತ್ತಿದ್ದೆ.

ಹಾನಗಲ್ಲಿನ ಗುತ್ತಿಗೆದಾರರೊಬ್ಬರ ಹೊಸ ಕರಿ ಕಾರು ಬಂದದ್ದು ಶ್ರಾವಣದ ಮೊದಲ ವಾರ. ಮಗಳ ನಿಶ್ಚಿತಾರ್ಥಕ್ಕೆ ಬೇಕು, ನಿಂತು ಮಾಡಿಸಿಕೊಂಡು ಹೋಗುತ್ತೇನೆ ಎಂದರು. ನಮ್ಮ ಮಾಲಕರು ಈರಣ್ಣನವರೂ ಅವರ ಜೊತೆ ಅಲ್ಲೇ ನಿಂತರು. ಮಳೆಯಿಂದಾಗಿ ಒಣಗಿದ ಕರಿ ಪ್ಯಾಡು ಇದ್ದದ್ದು ಒಂದೇ. ಅದನ್ನು ನಾನಿನ್ನೂ ಟಾಕಿಯ ಮರೆಗೆ ಒಯ್ದಿರಲಿಲ್ಲ.

"ತಾ ಯವ್ವಾ," ಎಂದು ಚಾಚಾ ಕೈ ಚಾಚಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎಂದಿನಂತೆ ಕಿರುಬೆರಳನ್ನು ಪ್ಯಾಡಿನ ಮೇಲೆ ಇಂಚಿಂಚಿಗೂ ಒತ್ತುತ್ತ ಸುತ್ತಿದೆ. ಗೋಡೆಯನ್ನು ಮುಟ್ಟಿದಂತಿತ್ತು. "ಚಲೋ ಐತ್ರಿ ಚಾಚಾ," ಎಂದೆ. ಅವರು ರೂಢಿಯಂತೆ ಒಮ್ಮೆ ಅಂಗೈ ಆಡಿಸಿ ಯಂತ್ರಕ್ಕೆ ಹಚ್ಚಿದರು.

ಬಾನೆಟ್ಟಿನ ಅರ್ಧಕ್ಕೆ ಬರುವಷ್ಟರಲ್ಲಿ ಅವರು ಯಂತ್ರ ನಿಲ್ಲಿಸಿದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕರಿ ಬಣ್ಣದ ಮೇಲೆ ಉಂಗುರ, ಉಂಗುರದ ಮೇಲೆ ಉಂಗುರ. ಪ್ಯಾಡು ಬಿಚ್ಚಿ ಹೆಬ್ಬೆರಳಿನಿಂದ ಬಗೆದು ನೋಡಿದರು. ಒಳಗೆ ಸಾಸಿವೆಯಷ್ಟು ಗಟ್ಟಿ ಕಾಳು, ಅದಕ್ಕೆ ಅಂಟಿದ ಮರಳು. ಒತ್ತಿ ನೋಡಿದರಷ್ಟೇ ಸಿಗುವಂಥದ್ದು. ಒತ್ತಿ ನೋಡುವುದು ನನ್ನ ಕೆಲಸ.

ಗುತ್ತಿಗೆದಾರರು ಬಾಯಿಗೆ ಬಂದಂತೆ ಬೈದರು. ಮಾಲಕರು ಚಾಚಾನ ಕಡೆ ತಿರುಗಿ, "ಏನ್ರೀ ಇದು? ಪ್ಯಾಡ್ ಯಾರು ನೋಡಿದ್ರು?" ಎಂದರು.

ನಾನು ಬಾಯಿ ತೆರೆಯಬೇಕಿತ್ತು.

"ನಾ ನೋಡೇನ್ರಿ," ಎಂದರು ಚಾಚಾ. "ಹಚ್ಚೂಮುಂದ ಕೈ ಆಡಿಸೇನಿ. ನನಗ ತಿಳೀಲಿಲ್ರಿ ಮಾಲಕ್ರ. ತಪ್ಪ ನಂದು."

ಅವರು ನನ್ನನ್ನು ಉಳಿಸುತ್ತಿದ್ದಾರೆ ಎಂದುಕೊಂಡೆ. ಆ ಉಪಕಾರದ ಮರೆಯಲ್ಲಿ ಸುಮ್ಮನೆ ನಿಂತೆ. ಮಾಲಕರು ಅವರಿಗೆ ನಾಳೆಯಿಂದ ಬರುವುದು ಬೇಡ ಎಂದರು. ಚಾಚಾ ತಮ್ಮ ಟಿಫಿನ್ ಡಬ್ಬಿ ತೆಗೆದುಕೊಂಡು, ಛತ್ರಿಯನ್ನೂ ಬಿಚ್ಚದೆ ಮಳೆಯಲ್ಲೇ ಬಸ್ ನಿಲ್ದಾಣದ ಕಡೆ ನಡೆದರು. ನಾನು ಬಕೆಟ್ಟಿನ ಮುಂದೆ ಕುಳಿತು ಅದೇ ಪ್ಯಾಡನ್ನು ಮತ್ತೆ ಮತ್ತೆ ತೊಳೆದೆ.

ಮೂರು ವಾರ ತಡೆದೆ. ಆಮೇಲೆ ಒಂದು ರಜೆಯ ದಿನ ಎಲ್ಲ ಹೇಳಿಬಿಡಬೇಕೆಂದು ಸವಣೂರಿಗೆ ಹೋದೆ. ಎಲೆಬಳ್ಳಿ ತೋಟದ ಅಂಚಿಗೆ ಅವರ ಮನೆ. ಚಾಚಾ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು, ಬೇರೆ ಯಾರದೋ ಕೈಗಳೆಂಬಂತೆ. ನನ್ನನ್ನು ನೋಡಿ, "ಬಾ ಯವ್ವಾ, ಕುಂದ್ರು," ಎಂದು ಮತ್ತೆ ಆ ಕೈಗಳನ್ನೇ ನೋಡತೊಡಗಿದರು.

ಚಾಚಿ ಒಳಗೆ ಕರೆದು ಚಹಾ ಕೊಡುತ್ತ ಪಿಸುಮಾತಿನಲ್ಲಿ ಹೇಳಿದರು: "ಕೆಲಸಕ್ಕ ಕರ್ಯಾಕ ಇಬ್ರು ಬಂದಿದ್ರವ್ವಾ. ಒಬ್ರು ಬಾಗಲಾ ಪಾಲಿಶ್ ಮಾಡ್ರಿ ಅಂತ ಬಂದ್ರು. ಒಲ್ಲೆ ಅಂತಾರ. ನನ್ನ ಬೆರಳು ಸತ್ತಾವ, ಅಷ್ಟು ದೊಡ್ಡ ಕಾಳು ನನಗ ತಿಳೀಲಿಲ್ಲ ಅಂತಾರ. ದಿನಾ ಅಕ್ಕಿ ಪರಾತ ಮುಂದ ಇಟ್ಕೊಂಡು, ಕಣ್ಮುಚ್ಚಿ ಹರಳು ಹುಡುಕತಾರ. ಸಿಕ್ಕರೂ ನಂಬಂಗಿಲ್ಲ. ನೀನರ ಸ್ವಲ್ಪ ಹೇಳು."

ಚಹಾದ ಕಪ್ಪು ಕೆಳಗಿಟ್ಟೆ. ಅವರು ನನ್ನನ್ನು ಉಳಿಸಲು ಸುಳ್ಳು ಹೇಳಿರಲಿಲ್ಲ. ನನ್ನ ಕಿರುಬೆರಳಿನ ಮೇಲೆ ಅವರಿಗೆ ಎಷ್ಟು ಭರವಸೆ ಇತ್ತೆಂದರೆ, ಅದು ತಪ್ಪಿರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ತಮ್ಮ ಕೈಯೇ ಹೋಯಿತು ಎಂದು ನಂಬಿ ಕುಳಿತಿದ್ದರು.

ಪಡಸಾಲೆಗೆ ಬಂದು ಅವರ ಮುಂದೆ ನಿಂತೆ. ಒಂದು ಮಾತು ಸಾಕಿತ್ತು. ಅವ್ವನ ಮುಖ ಕಣ್ಣಿಗೆ ಬಂತು. "ಬರ್ತೇನ್ರಿ ಚಾಚಾ," ಎಂದು ಹೊರಬಿದ್ದೆ. ಬಸ್ಸಿನಲ್ಲಿ ನನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದೆ. ನನ್ನ ಬಾಳಿನಲ್ಲಿ ಅಷ್ಟು ಹೇಸಿಗೆ ನನ್ನ ಮೇಲೆ ಮತ್ತೆಂದೂ ಹುಟ್ಟಿಲ್ಲ.

ಅವ್ವನಿಗೆ ಗೊತ್ತಾದದ್ದು ನಾನು ಹೇಳಿದ್ದರಿಂದಲ್ಲ. ದಸರೆಗೆ ಹೋಳಿಗೆ ಮಾಡುವ ದಿನ, ಕಾದ ಹಂಚಿನ ಅಂಚಿಗೆ ನನ್ನ ಅಂಗೈಯ ಬದಿ ತಾಗಿಕೊಂಡೇ ಇತ್ತು. ನಾನು ಮಾತಾಡುತ್ತಲೇ ಇದ್ದೆ. ಚರ್ಮ ಸುಟ್ಟ ವಾಸನೆ ಮೊದಲು ಅವ್ವನಿಗೆ ಬಂತು. ಕೈ ಎಳೆದು ನೀರಿಗೆ ಅದ್ದಿದಳು. ಬೊಬ್ಬೆ ಎದ್ದ ಅಂಗೈಯನ್ನೂ ನನ್ನ ಮುಖವನ್ನೂ ಮತ್ತೆ ಮತ್ತೆ ನೋಡಿದಳು.

"ಉರಿ ಆಗವಲ್ದೇನ?"

"ಇಲ್ಲವ್ವ."

"ಎಷ್ಟು ದಿನಾತು?"

ಹೇಳಿದೆ. ಅವ್ವ ಹಂಚನ್ನು ಕೆಳಗಿಳಿಸಿ ಒಲೆ ಆರಿಸಿದಳು. ಆ ದಿನ ಹೋಳಿಗೆ ಆಗಲಿಲ್ಲ.

ಶಿಗ್ಗಾಂವಿಯಲ್ಲಿ ಗುರುತಿನವರು ಜಾಸ್ತಿ ಎಂದು ಹಾನಗಲ್ಲಿನ ಸರ್ಕಾರಿ ದವಾಖಾನೆಗೆ ಹೋದೆವು. ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟಿದರು. ಮೊಣಕೈಯ ಹಿಂದೆ ಹುರಿಯಂತೆ ದಪ್ಪಗಾಗಿದ್ದ ನರವನ್ನು ಹಿಡಿದು ನೋಡಿದರು. ರೋಗದ ಹೆಸರನ್ನು ಮೆಲ್ಲಗೆ, ನೆಗಡಿಯ ಹೆಸರು ಹೇಳಿದಷ್ಟೇ ಸಾದಾ ಆಗಿ ಹೇಳಿದರು. ಒಂದು ವರ್ಷ ಗುಳಿಗೆ, ಪೂರ್ತಿ ಗುಣವಾಗುತ್ತದೆ, ಗುಳಿಗೆ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ ಎಂದರು. ಅವ್ವನನ್ನೂ ನೋಡಿ ಏನೂ ಇಲ್ಲವೆಂದರು.

"ಬೆರಳಿಗೆ ಮತ್ತ ತಿಳೀತೈತೇನ್ರಿ?" ಎಂದು ನಾನು ಕೇಳಿದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಶುರುವಾದ ಕೂಡಲೇ ಬಂದಿದ್ದರೆ ನರ ಉಳಿಸಿಕೊಳ್ಳೋಕೆ ಆಗ್ತಿತ್ತೇನೋ. ಈಗ ಔಷಧ ಕೊಡ್ತೀನಿ. ಭರವಸೆ ಕೊಡೋಕಾಗಲ್ಲ."

ಯಾವ ತಿಂಗಳುಗಳಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆನೋ ಆ ತಿಂಗಳುಗಳಲ್ಲೇ ನನ್ನ ಬೆರಳುಗಳೂ ಹೋಗಿದ್ದವು.

ಮರಳಿ ಬರುವಾಗ ಅವ್ವ, "ಯಾರ ಮುಂದೂ ಬಾಯಿ ಬಿಡಬ್ಯಾಡ. ಗುಳಿಗಿ ನುಂಗು, ಸುಮ್ನಿರು," ಎಂದಳು. ಆಗ ನಾನು ಚಾಚಾನ ಸಂಗತಿ ಹೇಳಿದೆ. ಅಕ್ಕಿ ಪರಾತದ ಮುಂದೆ ಕಣ್ಣು ಮುಚ್ಚಿ ಕೂರುವುದನ್ನೂ ಹೇಳಿದೆ. ಅವ್ವ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಹಾಸ್ಟೆಲ್ಲಿಗೆ ಹೊರಟವಳು ಹೊಸ್ತಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದಳು: "ಆ ಮನಷ್ಯಾ ತನ್ನ ಕೈ ಸತ್ತಾವ ಅಂತ ಕುಂತಾನ. ನಾವು ಹೆಂಗ ಉಣ್ಣೂದು? ಹೋಗಿ ಹೇಳು."

"ನಿನ್ನ ಕೆಲಸಾ?"

"ಹೇಳು ಅಂದ್ನೆಲ್ಲ."

ಮೊದಲು ಮಾಲಕರಿಗೆ ಹೇಳಿದೆ. ತಪ್ಪು ನನ್ನದು, ಕಾರಣ ಇದು, ಚಾಚಾನನ್ನು ವಾಪಸ್ ಕರೆಯಿರಿ ಎಂದೆ. ಈರಣ್ಣನವರು ಕೆಟ್ಟ ಮನುಷ್ಯರೇನಲ್ಲ. ಆದರೂ ನಾನು ಮಾತು ಮುಗಿಸುವಷ್ಟರಲ್ಲಿ ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಗುಳಿಗೆ ತೆಗೆದುಕೊಂಡರೆ ಹರಡುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. "ಅದು ಖರೆ ಇರ್ಬೇಕವ್ವಾ. ಆದ್ರ ಮಂದಿ ಕೇಳಬೇಕಲ್ಲ. ದಸ್ತಗೀರಸಾಬ್ರು ಬರ್ಲಿ, ನೀ ಮಾತ್ರ ಬರಬ್ಯಾಡ," ಎಂದರು. ನಾನು ಚಪ್ಪಲಿ ಮೆಟ್ಟಿ ರಸ್ತೆಗೆ ಬರುವ ಹೊತ್ತಿಗೆ ಅಂಗಡಿಯ ಹಿಂದಿನಿಂದ ಕರಿ ಹೊಗೆ ಎದ್ದಿತು. ನಾನು ಮುಟ್ಟಿದ್ದ ಪ್ಯಾಡುಗಳನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ಹಳದಿ, ಕರಿ ಎಲ್ಲ. ಅವುಗಳಲ್ಲಿ ಕೆಲವನ್ನು ಮೂರು ವರ್ಷ ಹರಿಯದಂತೆ, ಅಂಟು ಬಿಡದಂತೆ ಕಾಪಾಡಿದ್ದೆ. ಸ್ಪಂಜು ಸುಟ್ಟ ಆ ವಾಸನೆ ಬಸ್ ನಿಲ್ದಾಣದವರೆಗೂ ಬಂತು.

ಅಂಗಡಿಯಿಂದ ಸುದ್ದಿ ಹಬ್ಬಿ, ನಾಲ್ಕನೆಯ ದಿನ ಹಾಸ್ಟೆಲ್ಲಿನವರು ಅವ್ವನಿಗೆ "ಸ್ವಲ್ಪ ದಿನ ಬರೂದು ಬ್ಯಾಡ" ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅವ್ವ ಅಳಲಿಲ್ಲ. ತಾನು ರೊಟ್ಟಿ ಬಡಿಯುವ ಕೊಣಮಿಗೆಯನ್ನು ತೊಳೆದು, ಒರೆಸಿ, ಗೋಡೆಗೆ ಒರಗಿಸಿ ಇಟ್ಟಳು. ಆಮೇಲೆ ಎಷ್ಟೋ ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇರಲಿಲ್ಲ, ಅನ್ನವನ್ನೇ ಉಂಡೆವು.

ಸವಣೂರಿಗೆ ಹೋದದ್ದು ಅದಾದ ಮೇಲೆ. ಮಳೆ ಹಿಂದೆಗೆದಿತ್ತು. ಚಾಚಾ ಅದೇ ಗೋಡೆಗೆ ಒರಗಿ ಕುಳಿತಿದ್ದರು. ಈ ಸಲ ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಸೂಜಿ, ಕೆನ್ನೆ, ಟಾಕಿಯ ಮರೆ, ಅಂದು "ಚಲೋ ಐತ್ರಿ" ಎಂದದ್ದು, ಹಿಂದಿನ ಸಲ ಬಂದು ಹೇಳದೆ ಹೋದದ್ದು.

ಅವರು ತಮ್ಮ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸಿ ನೋಡಿಕೊಂಡರು. ಆಮೇಲೆ ಅವರ ದನಿ ಏರಿತು.

"ಎರಡೂವರಿ ತಿಂಗಳ! ಎರಡೂವರಿ ತಿಂಗಳ ನಾ ಹೆಣದಂಗ ಕುಂತೇನಲ್ಲ. ಇಲ್ಲಿ ಬಂದು, ನಮ್ಮ ಮನಿ ಚಹಾ ಕುಡದು, ನನ್ನ ಮಾರಿ ನೋಡಿ ಹೋದಿ. ಹೆಂಗ ಹೋದಿ ಯವ್ವಾ? ಹೆಂಗ ಹೋಗಾಕ ಕಾಲು ಬಂದ್ವು?"

ಚಾಚಿ ಒಳಗಿನಿಂದ ಬಂದವರು ಬಾಗಿಲಲ್ಲೇ ನಿಂತರು. "ಮಾಲಕ್ರು ನಿಮ್ಮನ್ನ ಬರ್ರಿ ಅಂದಾರ," ಎಂದೆ. "ಅಲ್ಲಿಗೆ ನಾ ಹೋಗಂಗಿಲ್ಲ," ಎಂದು ಮುಖ ತಿರುಗಿಸಿದರು. ನಾನು ಹೊರಡಲು ಮೆಟ್ಟಿಲಿಳಿದೆ.

"ಏ ಸುಜಾತಾ, ನಿಂದ್ರು. ಕೈ ತಾ ಇಲ್ಲಿ."

ನಾನು ಹಿಂಜರಿದೆ. ಅವರೇ ಎದ್ದು ಬಂದು ನನ್ನ ಬಲಗೈ ಹಿಡಿದುಕೊಂಡರು. ಆ ತಿಂಗಳಲ್ಲಿ ಅವ್ವನನ್ನೂ ಡಾಕ್ಟರಮ್ಮನನ್ನೂ ಬಿಟ್ಟರೆ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ. "ಕಣ್ಮುಚ್ಚು," ಎಂದರು. ನನ್ನ ಕಿರುಬೆರಳಿನ ತುದಿಯಿಂದ ಶುರುಮಾಡಿ ಒತ್ತುತ್ತ ಮೇಲೆ ಬಂದರು. "ಇಲ್ಲಿ? ಇಲ್ಲಿ?" ನಾನು ಇಲ್ಲ, ಇಲ್ಲ ಎನ್ನುತ್ತಿದ್ದೆ. ಅಂಗೈಯ ಬದಿ ದಾಟಿ, ಮಣಿಕಟ್ಟು ದಾಟಿ ಎರಡು ಬೆರಳಗಲ ಮೇಲೆ ಬಂದಾಗ ಅವರ ಒರಟು ಉಗುರು ತಾಗಿದ್ದು ಗೊತ್ತಾಯಿತು. "ಹ್ಞೂಂ," ಎಂದೆ. ಕಣ್ಣು ತೆರೆದರೆ ಅವರ ಕೆನ್ನೆಯ ಮೇಲೆ ನೀರಿಳಿದಿತ್ತು. ಸಿಟ್ಟೂ ಹಾಗೆಯೇ ಇತ್ತು.

ಹದಿನೈದು ದಿನ ಕಳೆದ ಮೇಲೆ ಅವರಿಂದ ಫೋನು ಬಂತು. ಸವಣೂರಿನ ಶಾಲೆಯ ಮಾಸ್ತರರೊಬ್ಬರ ಹಳೆಯ ಕಾರು, ಅವರ ಮನೆಯಂಗಳದಲ್ಲೇ ಪಾಲಿಶ್ ಮಾಡಬೇಕು, ಹುಬ್ಬಳ್ಳಿಯಿಂದ ಎರಡು ಪ್ಯಾಡು ತರಿಸಿದ್ದೇನೆ, ಬಾ ಎಂದಷ್ಟೇ ಹೇಳಿದರು. ಹೋದೆ. ಅರ್ಧ ಕಾರು ಮುಗಿದ ಮೇಲೆ ಪ್ಯಾಡಿನಲ್ಲಿ ಪಾಲಿಶ್ ತುಂಬಿಕೊಂಡಿತು. ನಾನು ಉಗುರುಬೆಚ್ಚಗಿನ ನೀರಿನಲ್ಲಿ ಎಡಗೈಯಿಂದ ಒತ್ತಿ ಒತ್ತಿ ತೊಳೆದೆ, ಒಣಬಟ್ಟೆಯ ನಡುವೆ ಇಟ್ಟು ನೀರು ತೆಗೆದೆ, ಎಡಗೈಯಿಂದಲೇ ಸುತ್ತ ಪರೀಕ್ಷಿಸಿ ಕೊಟ್ಟೆ.

ಚಾಚಾ ಕಣ್ಣು ಮುಚ್ಚಿಕೊಂಡು, ಈಗ ಒತ್ತಿ ಒತ್ತಿ ನೋಡಿದರು. "ಇನ್ನೂ ಐತಿ. ತೊಳಿ," ಎಂದು ವಾಪಸ್ ಎಸೆದರು. ಮತ್ತೆ ತೊಳೆದೆ. ಮತ್ತೆ ನೋಡಿದರು. "ಅಂಚಿಗೆ ಐತಿ. ತೊಳಿ." ಮೂರನೆಯ ಸಲ ತೊಳೆದು ಕೊಟ್ಟೆ. ಬಹಳ ಹೊತ್ತು ಬೆರಳಾಡಿಸಿದರು. ಆಮೇಲೆ ಪ್ಯಾಡನ್ನು ಯಂತ್ರಕ್ಕೆ ಹಚ್ಚಿ, ಕಾರಿನ ಮೇಲೆ ಬಾಗಿ, ಗುಂಡಿ ಒತ್ತಿದರು.